ಅವ್ವನ ಬೋಗೋಣಿ, ಮೈದಾ ಅಂಟು

1960ರ ದಶಕದ ಕೊನೆಗೆ ಗುಲ್ಬರ್ಗಾ ನಗರಸಭೆಯ ಚುನಾವಣೆ ಬಂದಾಗ ನನಗಿನ್ನೂ ಮೀಸೆ ಮೂಡಿರಲಿಲ್ಲ. ಓಟು ಹಾಕಲು ಆಗ 21 ತುಂಬಬೇಕಿತ್ತು. ಆದರೂ ಸ್ಟೇಶನ್ ಬಜಾರದ ಅರ್ಧ ಗೋಡೆಗಳಿಗೆ ಪೋಸ್ಟರ್ ಹಚ್ಚಿದವನು ನಾನೇ. ಅವ್ವನ ದೊಡ್ಡ ಬೋಗೋಣಿ ಕದ್ದೊಯ್ದು ಮೈದಾಹಿಟ್ಟು ಕುದಿಸಿ, ಹುಳು ಹತ್ತಬಾರದೆಂದು ಮೈಲುತುತ್ತ ಕದಡುತ್ತಿದ್ದೆವು. ಆ ಹುಳಿನಾತಕ್ಕೆ ಟಾಂಗಾ ಕುದುರೆಗಳ ಲದ್ದಿಯ ನಾತ ಕೂಡಿದರೆ ಅದೇ ನಮ್ಮ ಚುನಾವಣೆಯ ವಾಸನೆ. ರಾತ್ರಿಗೆ ಕೂಲಿ ಒಂದು ರೂಪಾಯಿ, ಮೇಲೆ ಎರಡು ಮಿರ್ಚಿ, 15 ಪೈಸೆಯ ಚಹಾ. ವಿಷ ಕಂಡ ಬೋಗೋಣಿಯನ್ನು ಅವ್ವ ಕಲಾಯಿಯವನಿಗೂ ತೋರಿಸಲಿಲ್ಲ. ಹಿತ್ತಲಿಗೆ ಎಸೆದು, ನನ್ನ ಬೆನ್ನಿಗೆ ಎರಡು ಕೊಟ್ಟಳು.

ನಮ್ಮ ಹುರಿಯಾಳು ಓಣಿಗೊಂದು ನಳ ಹಾಕಿಸುವೆನೆಂದು ಹೇಳಿ ಸೋತ. ನನ್ನ ಕೊನೆಯ ಮೂರು ರಾತ್ರಿಯ ಕೂಲಿಯನ್ನೂ ಮರೆತ. ಕಮಲಾಪುರದಿಂದ ಕೆಂಪು ಬಾಳೆಹಣ್ಣಿನ ಫಣಿ ಹಿಡಿದು ಬಂದ ಸೋದರಮಾವ ನಕ್ಕ. "ಮೆಂಬರ್ ಅಂದ್ರ ಏನ್ಲೇ? ಗಟಾರದ ಮಾಲಕ. ಸಾಲಿ ಬಿಟ್ಟು ಅಂಥವರ ಹಿಂದ ತಿರಗ್ಲತ್ತೀ." ಖರೇ ಅನ್ನಿಸಿತು.

ಅದೇ ಕಾಲಕ್ಕೆ ಪಕ್ಷೇತರರಾಗಿ ನಿಂತು ನಗರಸಭೆಗೆ ಆರಿಸಿ ಬಂದವರೊಬ್ಬರಿದ್ದರು: ಜೇವರ್ಗಿ ತಾಲೂಕು ನೆಲೋಗಿಯ ಧರ್ಮಸಿಂಗ್. ಉಸ್ಮಾನಿಯಾದಲ್ಲಿ ಓದಿ ನಮ್ಮೂರ ಕೋರ್ಟಿನಲ್ಲಿ ವಕೀಲಿ ಮಾಡುತ್ತಿದ್ದರು. ಮಾವನ ಲೆಕ್ಕದಲ್ಲಿ ಅವರೂ ಗಟಾರದ ಮಾಲಕರೇ. 1972ರಲ್ಲಿ ಜೇವರ್ಗಿಯ ಶಾಸಕರಾದರು. 2004ರ ತನಕ ಎಂಟು ಸಲ ಅಲ್ಲಿಂದಲೇ ಗೆದ್ದರು. 1980ರಲ್ಲಿ ಗುಲ್ಬರ್ಗಾದಿಂದ ಲೋಕಸಭೆಗೂ ಗೆದ್ದು, ಗೆದ್ದ ಕುರ್ಚಿಯನ್ನು ದಿಲ್ಲಿಯಲ್ಲಿ ವಾಜಪೇಯಿಯವರೆದುರು ಸೋತಿದ್ದ ಕೇರಳದ ಸಿ.ಎಂ. ಸ್ಟೀಫನ್ ಅವರಿಗೆ ಬಿಟ್ಟುಕೊಟ್ಟರು. ಆ ಹೊತ್ತಿಗೆ ನನಗೂ ಓಟು ಬಂದಿತ್ತು. ಹೆಸರು ನೆಟ್ಟಗೆ ಹೇಳಲು ಬಾರದಿದ್ದರೂ ಸ್ಟೀಫನ್ನರಿಗೇ ಒತ್ತಿ ಬಂದೆ. ಯಾಕೆಂದು ಇವತ್ತಿಗೂ ಹೇಳಲಾರೆ.

2004ರ ಮೇ 28ಕ್ಕೆ ಧರ್ಮಸಿಂಗ್ ಮುಖ್ಯಮಂತ್ರಿಯಾದಾಗ ಮಾವ ಕಮಲಾಪುರದ ಪಡಸಾಲೆಯಲ್ಲಿ ಹಾಸಿಗೆ ಹಿಡಿದಿದ್ದ. ಗಟಾರದ ಮಾತು ನೆನಪಿಸಿದೆ. "ನಾ ಎಲ್ಲಿ ಅಂದೀನೋ?" ಅಂದುಬಿಟ್ಟ.

ಜೆಡಿಎಸ್ ಜೊತೆಗಿನ ಆ ಸರ್ಕಾರ 20 ತಿಂಗಳು ನಡೆಯಿತು. 2008ರಲ್ಲಿ ಅದೇ ಜೇವರ್ಗಿ ಅವರನ್ನು 70 ಓಟಿನಿಂದ ಸೋಲಿಸಿತು. ಎಪ್ಪತ್ತು ಅಂದರೆ ನಮ್ಮ ಓಣಿಯ ಒಂದು ಬದಿ! ಮರುವರ್ಷ ಬೀದರಿನಿಂದ ದಿಲ್ಲಿಗೆ ಹೋದರು. 2017ರ ಜುಲೈ 27ಕ್ಕೆ ತೀರಿಕೊಂಡರು. ಅದೇ ಅಕ್ಟೋಬರಿನಲ್ಲಿ ಕಮಲಾಪುರದ ಮೇಲೆ ಹಾಯ್ದು ಬೀದರಿಗೆ ರೈಲು ಶುರುವಾಯಿತು. ಫಣಿ ಹಿಡಿದು ಬರಲು ಮಾವ ಇರಲಿಲ್ಲ.

ಈಗ ಊರು ಕಲಬುರಗಿ, ನಗರಸಭೆ ಹೋಗಿ ಮಹಾನಗರ ಪಾಲಿಕೆ, ವಾರ್ಡು 55. 2021ರ ಚುನಾವಣೆಯಲ್ಲಿ ಯಾವ ಪಕ್ಷಕ್ಕೂ ಬಹುಮತ ಸಿಗಲಿಲ್ಲ. ಯಾರಿಗೂ ಮೈದಾಹಿಟ್ಟು ಬೇಕಾಗಲೂ ಇಲ್ಲ. ಗಟಾರ ಕಟ್ಟಿಕೊಂಡರೆ ಮೊಮ್ಮಗ ಮೊಬೈಲಿನಲ್ಲಿ ಫೋಟೊ ಹೊಡೆದು ಕಳಿಸುತ್ತಾನೆ. ಸೋತ ಹುರಿಯಾಳೊಬ್ಬರ ಫ್ಲೆಕ್ಸನ್ನು ಅವನೇ ತಂದು ನಮ್ಮ ನೀರಿನ ಟಾಕಿಗೆ ಹೊದಿಸಿದ್ದಾನೆ. ಅವರು ಅಲ್ಲೇ ಇದ್ದಾರೆ, ಕೈಮುಗಿದುಕೊಂಡು, ಮುಗಿಲಿಗೆ ಮುಖ ಮಾಡಿ.