ಬಿಸಿನೀರಿನ ಮೂರ್ಛೆಯೂ ಮಿದುಳಿನ ಚಿತ್ರವೂ

ನಮ್ಮ ಶಾಲೆಯಲ್ಲಿ ಕಲಿತು ಹೋದ ಪ್ರಿಯ ವಿದ್ಯಾರ್ಥಿನಿಯರಲ್ಲಿಯೂ ಪಾಲಕರಲ್ಲಿಯೂ ಈ ಸಲ ಒಂದು ರೋಗದ ವಿಷಯವಾಗಿ ನಾಲ್ಕು ಮಾತು ಅರಿಕೆ ಮಾಡಬಯಸುತ್ತೇವೆ. ಸ್ಮರಣಸಂಚಿಕೆಗೆ ಇದು ತಕ್ಕ ವಿಷಯವೇ ಎಂದು ಯಾರಾದರೂ ಕೇಳಬಹುದು. ಹೆಣ್ಣುಮಗುವನ್ನು ಶಾಲೆ ಬಿಡಿಸುವ ಕಾರಣಗಳಲ್ಲಿ ಮೂರ್ಛೆರೋಗವೂ ಒಂದಾಗಿರುವ ವರೆಗೆ ಇದು ತಕ್ಕದ್ದೇ ಎಂಬದು ನಮ್ಮ ಮತ.

ತಲೆಗೆ ಎಣ್ಣೆ ಹಚ್ಚಿ ಬಿಸಿಬಿಸಿ ನೀರು ಎರೆಯುವದು ನರಗುಂದದಲ್ಲಿ ಮನೆಮನೆಯ ವಾಡಿಕೆ. ಕೆಲವು ಮಕ್ಕಳಿಗೆ ಮಾತ್ರ, ತಂಬಿಗೆಯ ಮೇಲೆ ತಂಬಿಗೆ ನೆತ್ತಿಯ ಮೇಲೆ ಬೀಳುತ್ತಲೇ ಕಣ್ಣು ಮಂಜಾಗಿ, ಅರ್ಥವಿಲ್ಲದ ಮಾತು ಹೊರಟು, ಎಚ್ಚರ ತಪ್ಪುವದುಂಟು. 1945ರಲ್ಲಿ ನ್ಯೂಝಿಲಂಡದಲ್ಲಿ ಇಂಥ ಒಂದು ವೃತ್ತಾಂತವು ಬರೆಯಲ್ಪಟ್ಟಿತು. ಆದರೆ ಈ ರೋಗವು ವಿಶೇಷವಾಗಿ ಕಂಡುಬಂದದ್ದು ನಮ್ಮ ನಾಡಿನ ಕಡೆಯಲ್ಲಿಯೇ. ಬೆಂಗಳೂರಿನ ಡಾಕ್ಟರ ಕೆ. ಎಸ್. ಮಣಿಯವರು 1974ರಲ್ಲಿ 108 ರೋಗಿಗಳ ವಿಷಯವಾಗಿಯೂ, ನಿಮ್ಹಾನ್ಸ್ ಸಂಸ್ಥೆಯ ವೈದ್ಯರು 1988ರಲ್ಲಿ 279 ರೋಗಿಗಳ ವಿಷಯವಾಗಿಯೂ ಬರೆದರು.

ಕೆಲವು ವರ್ಷಗಳ ಹಿಂದೆ ನಮ್ಮ ಎಂಟನೆಯ ಇಯತ್ತೆಯ ಹುಡುಗಿಯೊಬ್ಬಳು ತಿಂಗಳೊಪ್ಪತ್ತು ಶಾಲೆಗೆ ಬಾರದಿರಲು ನಾವು ಮನೆಗೆ ಹೋಗಿ ವಿಚಾರಿಸಿದೆವು. ಬಚ್ಚಲಲ್ಲಿ ಮೂರು ಸಲ ಮೂರ್ಛೆ ಬಂದಿತ್ತು, ತಾಯಿತ ಕಟ್ಟಿಸಿದ್ದರು. ಅಜ್ಜಿಯು ನಮ್ಮನ್ನು ಪಡಸಾಲೆಯ ಮೂಲೆಗೆ ಕರೆದು, “ಅಕ್ಕೋರ, ಹೆಣ್ಣ ಹುಡುಗಿ ಐತ್ರಿ, ಈ ಸುದ್ದಿ ಊರಾಗ ಹರದಾಡಬಾರದ್ರಿ” ಎಂದರು. ಅವರ ಭಯ ಮೂರ್ಛೆಯದಲ್ಲ, ಮದುವೆಯದು.

ಆ ಹಿರಿಯಳಿಗೆ ನಾವು ಹೇಳಿದ್ದು ಮಿದುಳಿನ ರಕ್ತಸಂಚಾರದ ಸಂಗತಿಯನ್ನು. ಮಿದುಳಿನ ಯಾವ ಭಾಗವು ಹೆಚ್ಚು ದುಡಿಯುವದೋ ಆ ಭಾಗಕ್ಕೆ ರಕ್ತವು ಹೆಚ್ಚಾಗಿ ಹರಿಯುವದು. ಮೂರ್ಛೆಯ ಕಾಲದಲ್ಲಿ ಒಂದು ಭಾಗದ ನರಕೋಶಗಳು ಮಿತಿಮೀರಿ ಒಮ್ಮೆಲೇ ಕೆರಳುವದರಿಂದ ಅಲ್ಲಿಗೆ ರಕ್ತದ ಪ್ರವಾಹವು ಏರುವದು. ಇದನ್ನು ನೋಡಲಿಕ್ಕೆ ‘ಸ್ಪೆಕ್ಟ್’ ಎಂಬ ಚಿತ್ರವಿಧಾನವಿದೆ. ಟೆಕ್ನೀಶಿಯಮ್ ಸೇರಿದ ಅತ್ಯಲ್ಪ ಔಷಧವನ್ನು ಮೂರ್ಛೆ ಮೊದಲಾದ ಕೂಡಲೇ ರಕ್ತನಾಳಕ್ಕೆ ಚುಚ್ಚುವರು. ಅದು ರಕ್ತದೊಡನೆ ಮಿದುಳಿಗೆ ಹೋಗಿ ಅಲ್ಲಿಯೇ ನಿಲ್ಲುವದು. ಆರು ತಾಸಿಗೆ ಅದರ ಕಿರಣಶಕ್ತಿ ಅರ್ಧಕ್ಕೆ ಇಳಿಯುವದು. ಆದುದರಿಂದ ರೋಗಿಯು ಶಾಂತನಾದ ಬಳಿಕ ಚಿತ್ರ ತೆಗೆದರೂ ಮೂರ್ಛೆಯ ಕ್ಷಣದ ರಕ್ತಸಂಚಾರವೇ ಅದರಲ್ಲಿ ಕಾಣುವದು. ಮಲಪ್ರಭೆಯ ಕಾಲುವೆಯ ನೀರು ನಿನ್ನೆ ಯಾವ ಹೊಲಕ್ಕೆ ಹರಿಯಿತೆಂಬದನ್ನು ಇಂದು ಎರೆಮಣ್ಣಿನ ಹಸಿ ನೋಡಿ ಹೇಳುವದಿಲ್ಲವೇ? ಹಾಗೆಯೇ ಇದು.

ಡಾಕ್ಟರ ಪಿ. ಸತೀಶಚಂದ್ರ ಮೊದಲಾದ ನಿಮ್ಹಾನ್ಸ್ ವೈದ್ಯರು ಬಿಸಿನೀರಿನ ಮೂರ್ಛೆಯಲ್ಲಿಯೇ ಇಂಥ ಚಿತ್ರಗಳನ್ನು ತೆಗೆದು ನೋಡಲಾಗಿ, ಕಪೋಲದ ಒಳಭಾಗದ ಮಿದುಳಿನಲ್ಲಿಯೂ, ಮೈಯ ಉಷ್ಣವನ್ನು ಅಂಕೆಯಲ್ಲಿಡುವ ಹೈಪೊಥಲಾಮಸ್ ಎಂಬಲ್ಲಿಯೂ ಆ ಏರಿಕೆಯು ಕಂಡಿತು. ಇವರಲ್ಲಿ ಹೆಚ್ಚಿನವರ ಎಮ್.ಆರ್.ಐ. ಚಿತ್ರವು ನಿರ್ದೋಷವಾಗಿರುವದರಿಂದ ಇದು ಬೆಲೆಯುಳ್ಳ ಸಾಕ್ಷಿ. ಆದರೆ ಪ್ರತಿಯೊಂದು ಮಗುವಿಗೂ ಸ್ಪೆಕ್ಟ್ ಬೇಕೆಂದು ಯಾರೂ ತಿಳಿಯಬಾರದು. ಬಚ್ಚಲಲ್ಲಿ ನಡೆದದ್ದನ್ನು ಕಂಡ ತಾಯಿಯ ಮಾತೇ ವೈದ್ಯರಿಗೆ ಮೊದಲಿನ ಆಧಾರ.

ಅಜ್ಜಿಯು ಬಹಳ ಹೊತ್ತು ಸುಮ್ಮನಿದ್ದು, “ಹಂಗಾರ ಇದು ಹೊರಗಿಂದು ಅಲ್ಲೇನ್ರಿ?” ಎಂದು ಕೇಳಿದರು. ಅಲ್ಲವೆಂದೆವು. ಅಪಸ್ಮಾರವನ್ನು ವಿವಾಹಕ್ಕೆ ಬಾಧಕವೆಂದು ಎಣಿಸಿದ್ದ ಮಾತನ್ನು ಹಿಂದೂ ವಿವಾಹದ ಕಾನೂನಿನಿಂದ 1999ರಲ್ಲಿಯೇ ತೆಗೆದುಹಾಕಿರುವರೆಂದೂ ತಿಳಿಸಿದೆವು. ಇದಕ್ಕೆ ಅವರು ತಲೆದೂಗಲಿಲ್ಲ. ಕಾನೂನು ಬೇರೆ, ಬೀಗರು ಬೇರೆ ಎಂಬಂತೆ ನಕ್ಕರು.

ಆದರೂ ಮರುವಾರ ಧಾರವಾಡದ ವೈದ್ಯರಲ್ಲಿಗೆ ಹೋದರು. ನೀರು ಉಗುರುಬೆಚ್ಚಗಿರಲಿ, ನೆತ್ತಿಯ ಮೇಲೆ ಒಮ್ಮೆಲೇ ಸುರಿಯಬೇಡಿರಿ, ತಲೆ ಎರೆಯುವ ದಿನ ಸ್ನಾನಕ್ಕೆ ಒಂದೂವರೆ ಎರಡು ತಾಸು ಮುಂಚೆ ಕ್ಲೋಬಜಾಮ್ ಗುಳಿಗೆ ಕೊಡಿರಿ ಎಂದು ಅಪ್ಪಣೆಯಾಯಿತು. ಹುಡುಗಿಯು ಶಾಲೆಗೆ ಮರಳಿದಳು. ರವಿವಾರ ಹಂಡೆಯ ನೀರಿಗೆ ಮೊಣಕೈ ಅದ್ದಿ ಹದ ನೋಡುವ ಕೆಲಸವನ್ನು ಆ ಅಜ್ಜಿಯು ಸೊಸೆಗೆ ಬಿಟ್ಟುಕೊಡದೆ ತಾವೇ ಇಟ್ಟುಕೊಂಡರು.