ಐಡಿ ಹೋಯಿತು, ಚಿತ್ರ ಉಳಿಯಿತು

2020ರ ಸೆಪ್ಟೆಂಬರ್ 2ರಂದು ಕೇಂದ್ರ ಸರ್ಕಾರ 118 ಆ್ಯಪ್‌ಗಳನ್ನು ಒಟ್ಟಿಗೇ ನಿಷೇಧಿಸಿತು. ಪಟ್ಟಿ ಎಷ್ಟೇ ಉದ್ದವಿದ್ದರೂ ಎಲ್ಲರ ಕಣ್ಣು ಹೋಗಿ ನಿಂತದ್ದು ಒಂದೇ ಹೆಸರಿನ ಮೇಲೆ: ಪಬ್‌ಜಿ ಮೊಬೈಲ್. ಪೀಡೆ ತೊಲಗಿತು ಅಂದರು ತಂದೆ ತಾಯಂದಿರು. ಹುಡುಗರು ಮೊದಮೊದಲು ಸುದ್ದಿಯನ್ನು ಅಷ್ಟಾಗಿ ತಲೆಗೆ ಹಚ್ಚಿಕೊಳ್ಳಲಿಲ್ಲ, ಯಾಕೆಂದರೆ ಮೊದಲೇ ಫೋನಿನಲ್ಲಿ ಕೂತಿದ್ದ ಆಟ ಇನ್ನೂ ನಡೆಯುತ್ತಲೇ ಇತ್ತು. ಅಕ್ಟೋಬರ್ 30ಕ್ಕೆ ಸರ್ವರ್‌ಗಳೇ ಬಂದಾದವು. ನಿದ್ದೆಗೆಟ್ಟು ಬೆಳೆಸಿದ ಐಡಿ ಅಂದರೆ ಆಟದ ಖಾತೆ, ಒಂದೊಂದು ಸೀಸನ್ನಿಗೂ ಕಾದು ಕೂಡಿಟ್ಟ ಡ್ರೆಸ್ಸುಗಳು, ಅಪ್ಪನ ಫೋನಿನಿಂದ ಗೊತ್ತಿಲ್ಲದಂತೆ ದುಡ್ಡು ಹಾಕಿ ತೆಗೆದುಕೊಂಡ ಬಂದೂಕಿನ ಸ್ಕಿನ್ನು, ಎಲ್ಲವೂ ಕೈಗೆ ಸಿಗದ ಕಡೆ ಹೋದವು.

ಮುಂದಿನದು ಒಂದು ನಾಟಕ. 2021ರ ಜುಲೈ 2ರಂದು ಕೊರಿಯಾದ ಕ್ರಾಫ್ಟನ್ ಕಂಪನಿ ಅದೇ ಆಟವನ್ನು ಬಿಜಿಎಂಐ ಎಂಬ ಹೆಸರಿನಲ್ಲಿ ತಂದು, ಹಳೆಯ ಐಡಿಯ ಸಾಮಾನು ಸಾಗಿಸಿಕೊಳ್ಳಲು ಅವಕಾಶ ಕೊಟ್ಟಿತು. ಒಂದು ವರ್ಷ ತುಂಬಿ ತಿಂಗಳೂ ಆಗಿರಲಿಲ್ಲ, 2022ರ ಜುಲೈ 28ಕ್ಕೆ ಅದೂ ಪ್ಲೇ ಸ್ಟೋರ್‌ನಿಂದ ಮಾಯ. 2023ರ ಮೇ ಕೊನೆಗೆ ಮತ್ತೆ ಪ್ರತ್ಯಕ್ಷ. ಈ ನಡುವೆ 2022ರ ಫೆಬ್ರವರಿ 14ರಂದು, ಅದೂ ಪ್ರೇಮಿಗಳ ದಿನ, ಇಂಥದ್ದೇ ಇನ್ನೊಂದು ಆಟವಾದ ಫ್ರೀ ಫೈರ್ ನಿಷೇಧದ ಪಟ್ಟಿ ಸೇರಿತು. ಅದರ ಒಡಹುಟ್ಟಿದ ಫ್ರೀ ಫೈರ್ ಮ್ಯಾಕ್ಸ್ ಮಾತ್ರ ಕೂದಲೂ ಕೊಂಕದೆ ಉಳಿಯಿತು. ಹದಿನೈದು ವರ್ಷದ ಹುಡುಗನಿಗೆ ಇದರಿಂದ ಸರ್ಕಾರದ ನೀತಿ ಎಷ್ಟು ಅರ್ಥವಾಯಿತೋ ಗೊತ್ತಿಲ್ಲ. ತನ್ನವನು ಅಂದುಕೊಂಡಿದ್ದ ಆಟಗಾರ ತನ್ನವನಲ್ಲ, ಎಲ್ಲೋ ಕೂತ ಕಂಪನಿಯ ಯಂತ್ರದಲ್ಲಿ ಬಾಡಿಗೆಗೆ ಇದ್ದವನು ಎಂಬುದಂತೂ ಚೆನ್ನಾಗಿ ಅರ್ಥವಾಯಿತು.

ಹಳಿಯಾಳ ತಾಲೂಕಿನ ತೇರಗಾಂವದಂಥ ಊರಿನಲ್ಲಿ ಈ ಆಟಗಳಿಗೆ ಪ್ರತ್ಯೇಕ ಜಾಗವೇನಿಲ್ಲ. ಬೆಂಗಳೂರಿನ ಗೇಮಿಂಗ್ ಕೆಫೆ ಇಲ್ಲಿಲ್ಲ, ಕುಂಟು ಕುರ್ಚಿ ಸಿಕ್ಕರೆ ಸಿಕ್ಕೀತು, ಗೇಮಿಂಗ್ ಕುರ್ಚಿ ಸಿಗದು. ಗುಡಿಯ ಕಟ್ಟೆ, ಬಸ್ ನಿಲ್ದಾಣದ ನೆರಳು, ಕಬ್ಬು ಸಾಗಿಸಿ ಖಾಲಿ ನಿಂತ ಟ್ರಾಲಿ, ನೆಟ್‌ವರ್ಕ್ ಎಲ್ಲಿ ಎರಡು ಕಡ್ಡಿ ತೋರಿಸುತ್ತದೋ ಅಲ್ಲೇ ಸ್ಕ್ವಾಡ್ ಕೂಡುತ್ತದೆ. ನೆಟ್‌ವರ್ಕಿನ ವಿಷಯದಲ್ಲಿ ಜೊಯಿಡಾ ಕಡೆಯ ಕಾಡಿನ ಊರುಗಳಿಗೆ ಹೋಲಿಸಿದರೆ ಹಳಿಯಾಳದ ಬಯಲಿನವರು ಪುಣ್ಯವಂತರು. ಕನ್ನಡ, ಮರಾಠಿ, ಕೊಂಕಣಿ ಮೂರೂ ಒಂದೇ ವಾಕ್ಯದಲ್ಲಿ ಬೆರೆತು ಹೋಗುವ ಈ ಗುಂಪುಗಳಲ್ಲಿ ನಾಲ್ವರು ಆಡುವವರಿದ್ದರೆ ಐದನೆಯವನೊಬ್ಬ ನೋಡುವವನು ಇದ್ದೇ ಇರುತ್ತಾನೆ. ಅವನ ಫೋನು ಹಳೆಯದು, ಆಟ ಹಾಕಿದರೆ ಕಾದು ಕೆಂಡವಾಗುತ್ತದೆ. ಆಡುವವರ ಪಾತ್ರಗಳನ್ನು ನೋಟ್‌ಬುಕ್ಕಿನಲ್ಲಿ ಚಿತ್ರ ಬಿಡಿಸುವವನು ಎಷ್ಟೋ ಸಲ ಅವನೇ.

"ಲೇ, ನನ್ನ ಐಡಿದೂ ಒಂದ್ ಚಿತ್ರಾ ತಗದ ಕೊಡಲೇ."

"ತಗೀತೇನಿ. ಯಾವ ಡ್ರೆಸ್‌ನ್ಯಾಗ?"

"ಹಳೇದು. ಬ್ಯಾನ್ ಆಗೂಮುಂದ ಹಾಕ್ಕೊಂಡಿದ್ನೆಲ್ಲಾ, ಅದು."

ಅಂಥ ಒಂದು ಚಿತ್ರವನ್ನು ಹತ್ತಿರದಿಂದ ನೋಡಬೇಕು. ಉದ್ದ ಗೆರೆಯ ನೋಟ್‌ಬುಕ್ಕಿನ ಕೊನೆಯ ಪುಟ, ನೀಲಿ ಬಾಲ್‌ಪೆನ್ನು. ಆಟಗಾರ ಮುಕ್ಕಾಲು ಮಗ್ಗುಲಾಗಿ ನಿಂತಿದ್ದಾನೆ. ಮುಖ ಪೂರ್ತಿ ಮುಚ್ಚುವ ಮೂರನೇ ಲೆವೆಲ್ಲಿನ ಹೆಲ್ಮೆಟ್, ವೆಲ್ಡಿಂಗ್ ಮಾಡುವವರು ಹಿಡಿಯುವ ಮುಖಗವಚದ ಹಾಗೆ. ಬೆನ್ನಿಗೆ ಚೀಲ, ಚೀಲದ ಕೆಳಗೆ ಸೊಂಟಕ್ಕೆ ನೇತುಬಿದ್ದ ಪ್ಯಾನು. ಆಟ ಬಲ್ಲವರಿಗೆ ಈ ಪ್ಯಾನಿನ ಮಹಿಮೆ ಗೊತ್ತು: ಅದಕ್ಕೆ ತಾಗಿದ ಗುಂಡು ಒಳಹೋಗುವುದಿಲ್ಲ. ಬಲಗೈಯ ಬೆರಳುಗಳು ಚಿತ್ರಕಾರನಿಗೆ ಒಲಿದಿಲ್ಲ, ಆದ್ದರಿಂದ ಕೈಯನ್ನು ಜಾಣತನದಿಂದ ಕಿಸೆಯೊಳಗೆ ಸೇರಿಸಿದ್ದಾನೆ. ಬಂದೂಕು ಮಾತ್ರ ಒಂದೊಂದು ಸ್ಕ್ರೂ ಸಮೇತ. ಹಿನ್ನೆಲೆಯಲ್ಲಿ ಆಟದ ಎರಾಂಗೆಲ್ ದ್ವೀಪದ ಪೊಚಿಂಕಿ ಪಟ್ಟಣದ ಮನೆಗಳಿರಬೇಕಿತ್ತು. ಅಲ್ಲಿ ಕಬ್ಬು ತುಂಬಿದ ಟ್ರ್ಯಾಕ್ಟರ್ ನಿಂತಿದೆ, ಟ್ರಾಲಿಯ ಹಿಂದೆ ಕೆಂಪು ಬಟ್ಟೆ ಕಟ್ಟಿದೆ. ಕೆಂಪಿಗೆ ಬೇರೆ ಪೆನ್ನು ಬಳಸಿದ್ದಾನೆ, ಮೇಷ್ಟರ ಪೆನ್ನಿನ ಬಣ್ಣ. ಮೇಲ್ಗಡೆ ಆಟದ ಹೆಸರು, ಕೆಳಗಡೆ ಯಾವ ಸಹಿಯೂ ಇಲ್ಲ.

ಎರಾಂಗೆಲ್ ಎಂಬ ಹೆಸರೇ ಆಟ ಕಟ್ಟಿದ ಬ್ರೆಂಡನ್ ಗ್ರೀನ್ ತನ್ನ ಮಗಳು ಎರಿನ್ ಹೆಸರಿನ ಮೇಲೆ ಇಟ್ಟದ್ದು. ಮಗಳಿಗಾಗಿ ಇಟ್ಟ ಹೆಸರಿನ ದ್ವೀಪದಲ್ಲಿ ಹಳಿಯಾಳದ ಕಬ್ಬು ಬಂದು ನಿಂತರೆ ಅದರಲ್ಲೇನೂ ತಪ್ಪು ಕಾಣುವುದಿಲ್ಲ.

ಫ್ರೀ ಫೈರ್‌ನ ವ್ಯವಹಾರ ಸ್ವಲ್ಪ ಬೇರೆ. ಅಲ್ಲಿ ಪಾತ್ರಗಳಿಗೆ ಮೊದಲೇ ಹೆಸರು, ಮುಖ, ಕಥೆ ಇರುತ್ತವೆ. ಬ್ರೆಜಿಲ್‌ನ ಸಂಗೀತಗಾರ ಅಲೋಕ್‌ನ ಹೆಸರಿನದೊಂದು, ಹೃತಿಕ್ ರೋಷನ್ ಮಾದರಿಯ ಜೈ ಎಂಬುದೊಂದು. ಆ ಪಾತ್ರವನ್ನು ಸಾವಿರ ಜನ ಬಿಡಿಸಿದರೂ ಅದು ಅಲೋಕ್, ಅದು ಜೈ. ಬಿಜಿಎಂಐಯಲ್ಲಿ ನಿಮ್ಮವನಿಗೆ ಕಥೆಯೇ ಇಲ್ಲ. ವಿಮಾನದಿಂದ ಹಾರುತ್ತಾನೆ, ಓಡುತ್ತಾನೆ, ಸಾಯುತ್ತಾನೆ, ಇಲ್ಲವೇ ಕೊನೆಯವರೆಗೆ ಉಳಿದು 'ಚಿಕನ್ ಡಿನ್ನರ್' ಗೆಲ್ಲುತ್ತಾನೆ. ಅವನು ಮೊಂಡ, ಅವಸರಗಾರ, ಗಾಯಕ್ಕೆ ಪಟ್ಟಿ ಕಟ್ಟಿಕೊಳ್ಳುವುದನ್ನೇ ಮರೆಯುವವನು, ಗೆಳೆಯ ಬಿದ್ದರೆ ಬಿಟ್ಟೋಡದವನು ಎಂಬ ಗುಣಗಳೆಲ್ಲ ಇರುವುದು ಜೊತೆಗೆ ಆಡಿದ ಮೂವರ ಬಾಯಲ್ಲಿ. ಅವರಲ್ಲೊಬ್ಬ ಪೆನ್ನು ಹಿಡಿದಾಗ ಈ ಗುಣ ಚಿತ್ರಕ್ಕಿಳಿಯುತ್ತದೆ. ಮೊಣಕಾಲಿನ ಹತ್ತಿರ ಹರಿದ ಪ್ಯಾಂಟು, ಅರ್ಧ ಬಿಚ್ಚಿದ ಬ್ಯಾಂಡೇಜು. ಗುಂಪಿನ ಹೊರಗಿನವರಿಗೆ ಅದು ಬರೀ ಅಲಂಕಾರ, ಒಳಗಿನವರಿಗೆ ನಗು ತಡೆಯಲಾಗದ ಕಥೆ.

ಹೀಗೆ ಆಟದ ಪಾತ್ರವನ್ನು ಚಿತ್ರ ಬಿಡಿಸುವುದು ಮೊಬೈಲ್ ಯುಗದ ಹುಚ್ಚು ಎಂದು ಯಾರಾದರೂ ಅಂದರೆ ಅವರನ್ನು 1974ಕ್ಕೆ ಕರೆದೊಯ್ಯಬೇಕು. ಆ ವರ್ಷ ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ಲೇಕ್ ಜಿನೀವಾದಲ್ಲಿ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಎಂಬಿಬ್ಬರು ರೂಪಿಸಿದ 'ಡಂಜನ್ಸ್ ಅಂಡ್ ಡ್ರ್ಯಾಗನ್ಸ್' ಹೊರಬಂತು. ಮೂರು ಚಿಕ್ಕ ಪುಸ್ತಕ, ಒಂದು ಪೆಟ್ಟಿಗೆ, ಬೆಲೆ 10 ಡಾಲರ್, ಮೊದಲ ಮುದ್ರಣ ಬರೀ 1000 ಪ್ರತಿ. ಮೇಜಿನ ಸುತ್ತ ಕೂತು, ದಾಳ ಉರುಳಿಸಿ, ಬಾಯಿಮಾತಿನಲ್ಲೇ ಕಥೆ ಕಟ್ಟುವ ಆಟ. ಒಬ್ಬೊಬ್ಬ ಆಟಗಾರನಿಗೂ ತಾನೇ ಹುಟ್ಟಿಸಿದ ಒಂದು ಪಾತ್ರ. ಈಗಿನ ವಿಡಿಯೊ ಗೇಮುಗಳ ಲೆವೆಲ್ಲು, ಜೀವದ ಅಂಕ, ಪಾತ್ರದ ಬಲಾಬಲ ಇವೆಲ್ಲಕ್ಕೂ ತವರು ಅದೇ ಪೆಟ್ಟಿಗೆ. ದುಡ್ಡಿಲ್ಲದ ಕಂಪನಿ, ಹವ್ಯಾಸಿಗಳ ಕೈಯಲ್ಲೇ ಚಿತ್ರ ಹಾಕಿಸಿತು. ಅವರಲ್ಲಿ ಗ್ರೆಗ್ ಬೆಲ್ ಎಂಬಾತ ಬಿಡಿಸಿದ ಕೆಲವು ಚಿತ್ರಗಳ ಭಂಗಿಗಳು ಮಾರ್ವೆಲ್‌ನ ಕಾಮಿಕ್ಸ್ ಪುಟಗಳಿಂದ ನೇರ ಇಳಿಸಿದವು ಎಂಬುದನ್ನು ಮುಂದೆ ಇತಿಹಾಸಕಾರರು ಪುಟ ಸಮೇತ ತೋರಿಸಿದ್ದಾರೆ. ಅಂದರೆ ಇವತ್ತು ಕೋಟಿಗಟ್ಟಲೆ ವ್ಯಾಪಾರವಿರುವ ಆಟದ ಮೊದಲ ಪುಸ್ತಕದಲ್ಲೇ ಅಭಿಮಾನಿಯ ನಕಲು ಚಿತ್ರ ಕೂತಿತ್ತು. ನೋಟ್‌ಬುಕ್ಕಿನ ಹುಡುಗ ಈ ಸುದ್ದಿ ಕೇಳಿದರೆ ಖುಷಿಪಡುತ್ತಾನೆ.

ಮರುವರ್ಷ, 1975ರ ಜೂನ್‌ನಲ್ಲಿ, ಲಾಸ್ ಏಂಜಲೀಸ್‌ನ ಲೀ ಗೋಲ್ಡ್ ಎಂಬ ಮಹಿಳೆ 'ಅಲಾರಮ್ಸ್ ಅಂಡ್ ಎಕ್ಸ್‌ಕರ್ಷನ್ಸ್' ಎಂಬ ಹವ್ಯಾಸಿ ಪತ್ರಿಕೆ ಶುರುಮಾಡಿದರು. ಆಟಗಾರರು ತಂತಮ್ಮ ಪುಟಗಳನ್ನು ಕಳಿಸುವುದು, ಆಕೆ ಎಲ್ಲವನ್ನೂ ಒಟ್ಟು ಹೊಲಿದು ಎಲ್ಲರಿಗೂ ಅಂಚೆಯಲ್ಲಿ ಹಾಕುವುದು. ತಮ್ಮ ಪಾತ್ರದ ಸಾಹಸ, ಜಗಳ, ನಡುನಡುವೆ ಚಿತ್ರ. ವಾಟ್ಸಾಪ್ ಗುಂಪಿಗೂ ಇದಕ್ಕೂ ವ್ಯತ್ಯಾಸ ಒಂದೇ, ಅಂಚೆಚೀಟಿ.

ಚಿತ್ರ ಹಂಚುವುದು ಆಟಕ್ಕೇ ಏನು ಕೊಡಬಲ್ಲದು ಎಂಬುದಕ್ಕೆ ದೊಡ್ಡ ಉದಾಹರಣೆ 'ಕ್ರಿಟಿಕಲ್ ರೋಲ್'. ಕಾರ್ಟೂನುಗಳಿಗೆ ದನಿ ಕೊಡುವ ಕಲಾವಿದರ ಒಂದು ಗೆಳೆಯರ ಬಳಗ ತಾವು ಮನೆಯಲ್ಲಿ ಆಡುತ್ತಿದ್ದ ಇಂಥದ್ದೇ ಮೇಜಿನ ಆಟವನ್ನು 2015ರ ಮಾರ್ಚ್ 12ರಿಂದ ನೇರಪ್ರಸಾರಕ್ಕೆ ಹಚ್ಚಿತು. ಗಂಟೆಗಟ್ಟಲೆ ಕೂತು ಮಾತಾಡುವ ಜನ, ಮೇಜು, ದಾಳ. ನೋಡಲು ಬೇರೇನೂ ಇಲ್ಲ. ಪಾತ್ರಗಳು ಹೇಗಿವೆ ಎಂದು ಕಣ್ಣಿಗೆ ಕಟ್ಟಿಸಿದವರು ನೋಡುಗರು. ಅವರು ಬಿಡಿಸಿ ಕಳಿಸಿದ ಚಿತ್ರಗಳನ್ನು ಆಟದ ವಿರಾಮದಲ್ಲಿ ಪರದೆಯ ಮೇಲೆ ಒಂದಾದ ಮೇಲೊಂದು ತೋರಿಸುವ ರೂಢಿ ಬೆಳೆಯಿತು. 2019ರ ಮಾರ್ಚ್‌ನಲ್ಲಿ ಇದೇ ಪಾತ್ರಗಳ ಮೇಲೆ ಒಂದು ಆನಿಮೇಷನ್ ಮಾಡಲು 7.5 ಲಕ್ಷ ಡಾಲರ್ ಬೇಕೆಂದು ಬಳಗ ಜನರ ಮುಂದೆ ಕೈಚಾಚಿದಾಗ 88,887 ಮಂದಿ ಸೇರಿ 1.1 ಕೋಟಿ ಡಾಲರಿಗೂ ಹೆಚ್ಚು ಕೊಟ್ಟರು. ಜನ ಅಷ್ಟು ಧಾರಾಳವಾಗಿ ಕೊಟ್ಟದ್ದಕ್ಕೆ ಕಾರಣ ಹಲವು ಇರಬಹುದು. ಆ ಪಾತ್ರಗಳ ಮುಖವನ್ನು ನಾಲ್ಕು ವರ್ಷ ತಾವೇ ತಿದ್ದಿತೀಡಿದ್ದರಲ್ಲ, ಅದೂ ಒಂದು.

ಇದೆಲ್ಲ ದೂರದ ಮಾತಾಯಿತು. ಕನ್ನಡದ ನೆಲದಲ್ಲೇ, ಆಟದ್ದಲ್ಲದಿದ್ದರೂ ಇದಕ್ಕೆ ತೀರ ಹತ್ತಿರದ ಒಂದು ಪ್ರಕರಣವಿದೆ. ಕಾಸರಗೋಡು ಜಿಲ್ಲೆಯ ಕುಂಬಳೆಯ ಕಲಾವಿದ ಕರಣ್ ಆಚಾರ್ಯ 2015ರಲ್ಲಿ ಊರಿನ ಹುಡುಗರ ಒತ್ತಾಯಕ್ಕೆ ಅವರ ಬಾವುಟಕ್ಕಾಗಿ ಒಂದು ಹನುಮಂತನ ಮುಖ ಮಾಡಿಕೊಟ್ಟರು. ಈ ಸಲ ಬೇರೆ ಥರ ಇರಲಿ ಎಂಬುದು ಹುಡುಗರ ಬೇಡಿಕೆ. ಕಪ್ಪು, ಕೇಸರಿ ಎರಡೇ ಬಣ್ಣ, ಮೈಯಿಲ್ಲ, ಗದೆಯಿಲ್ಲ, ಹುಬ್ಬು ಗಂಟಿಕ್ಕಿದ ಬರೀ ಮುಖ. ಹುಡುಗರು ಅದನ್ನು ಡಿಪಿಗೆ ಹಾಕಿಕೊಂಡರು, ಅಂಗಿಗೆ ಅಚ್ಚು ಹಾಕಿಸಿದರು. ನೋಡನೋಡುತ್ತ ಬೆಂಗಳೂರಿನ ಕಾರುಗಳ ಹಿಂಗಾಜಿಗೆ ಬಂತು, ಅಲ್ಲಿಂದ ದೇಶಕ್ಕೆಲ್ಲ ಹಬ್ಬಿತು. 2018ರ ಮೇ ತಿಂಗಳಲ್ಲಿ ಮಂಗಳೂರಿನ ಚುನಾವಣಾ ಸಭೆಯಲ್ಲಿ ಪ್ರಧಾನಿಯೇ ಹೊಗಳಿದರು. ಇನ್ನೊಂದೆಡೆ ಅದು ಕೋಪದ ಹನುಮಂತ, ಆಕ್ರಮಣಕಾರಿ ಎಂಬ ಟೀಕೆಯೂ ಬಂತು. ತಾನು ಬಿಡಿಸಿದ್ದು ಕೋಪವನ್ನಲ್ಲ, ಗತ್ತನ್ನು ಎಂದರು ಕಲಾವಿದರು. ಸ್ಟಿಕರ್ ಮಾರಿದ ಅಂಗಡಿಗಳಲ್ಲಿ ಎಷ್ಟಕ್ಕೆ ಆ ಮಾತು ಗೊತ್ತಿತ್ತು, ಎಷ್ಟಕ್ಕೆ ಕಲಾವಿದನ ಹೆಸರು ಗೊತ್ತಿತ್ತು?

ಒಂದು ಬಳಗಕ್ಕೆಂದು ಪ್ರೀತಿಯಿಂದ ಮಾಡಿದ ಚಿತ್ರ ಬಳಗದ ಹೊಸಿಲು ದಾಟಿದ ಕೂಡಲೇ ಅದರ ಅರ್ಥ ದಾರಿಯಲ್ಲಿ ಸಿಕ್ಕವರ ಪಾಲಾಗುತ್ತದೆ. ತೇರಗಾಂವದ ಚಿತ್ರಕ್ಕೂ ಸಣ್ಣ ಪ್ರಮಾಣದಲ್ಲಿ ಇದೇ ಗತಿ. ಗುಂಪಿನಲ್ಲಿ ಹಾಕಿದ ಐದೇ ನಿಮಿಷಕ್ಕೆ ಯಾರೋ ಪುಟದ ಅಂಚು ಕತ್ತರಿಸಿ, ಫಿಲ್ಟರ್ ಹಚ್ಚಿ, ತನ್ನದೇ ಎಂಬಂತೆ ಸ್ಟೇಟಸ್‌ಗೆ ಏರಿಸಿರುತ್ತಾನೆ. ಜಗಳವಾಗುತ್ತದೆ. ಎರಡು ದಿನ ಮಾತು ಬಿಡುತ್ತಾರೆ. ನಾಲ್ವರ ಸ್ಕ್ವಾಡಿಗೆ ಆಳು ಕಡಿಮೆ ಬಿದ್ದಾಗ ರಾಜಿಯಾಗುತ್ತದೆ.

ಇವರಿಗೆ ಕಾನೂನೂ ಸ್ವಲ್ಪ ಗೊತ್ತಿದ್ದರೆ ಒಳ್ಳೆಯದು. ಭಾರತದ 1957ರ ಕೃತಿಸ್ವಾಮ್ಯ ಕಾಯ್ದೆಯ 57ನೇ ಕಲಮು, ಕೃತಿಯನ್ನು ಮಾಡಿದ್ದು ತಾನೇ ಎಂದು ಹೇಳಿಕೊಳ್ಳುವ ಹಕ್ಕನ್ನು ಕರ್ತೃವಿಗೆ ಕೊಡುತ್ತದೆ. ಇನ್ನೊಂದು ಕಡೆ, ಆಟದ ಪಾತ್ರ, ಡ್ರೆಸ್ಸು, ಲಾಂಛನಗಳ ಮೇಲಿನ ಹಕ್ಕು ಕಂಪನಿಯದು. ಡಂಜನ್ಸ್ ಅಂಡ್ ಡ್ರ್ಯಾಗನ್ಸ್‌ನ ಈಗಿನ ಒಡೆಯರಾದ ವಿಝಾರ್ಡ್ಸ್ ಆಫ್ ದ ಕೋಸ್ಟ್ ಈ ಬಗ್ಗೆ ನಿಯಮವನ್ನೇ ಬರೆದಿಟ್ಟಿದೆ: ಅಭಿಮಾನದಿಂದ ಮಾಡಿ, ಪುಕ್ಕಟೆ ಹಂಚಿ, ದುಡ್ಡು ಕೊಟ್ಟವರಿಗೆ ಮಾತ್ರ ತೋರಿಸುತ್ತೇನೆ ಎನ್ನಬೇಡಿ. ಗೆಳೆಯನಿಗೆ ಚಿತ್ರ ಬಿಡಿಸಿಕೊಟ್ಟ ಹುಡುಗನ ಮೇಲೆ ಯಾವ ಕಂಪನಿಯೂ ವಕೀಲರನ್ನು ಕಳಿಸಲಿಕ್ಕಿಲ್ಲ. ಅದೇ ಚಿತ್ರವನ್ನು ಅಂಗಿಗೆ ಅಚ್ಚು ಹಾಕಿಸಿ ಜಾತ್ರೆಯಲ್ಲಿ ಮಾರಲು ಕೂತರೆ ಮಾತು ಬೇರೆ.

2025ರ ಮಾರ್ಚ್ ಕೊನೆಗೆ ಚಾಟ್‌ಜಿಪಿಟಿಯಲ್ಲಿ ಫೋಟೊ ಹಾಕಿದರೆ ಸಾಕು, ಜಪಾನಿನ ಘಿಬ್ಲಿ ಸ್ಟುಡಿಯೊದ ಶೈಲಿಯ ಚಿತ್ರ ಬರುತ್ತದೆ ಎಂಬ ಸುದ್ದಿ ಹಬ್ಬಿ, ವಾರದೊಳಗೆ ಊರೂರಿನ ಡಿಪಿಗಳು ಒಂದೇ ಥರದ ಗುಂಡು ಕೆನ್ನೆಯವಾದವು. ಈಗ ಆಟದ ಪಾತ್ರಗಳನ್ನೂ ಯಂತ್ರ ಮಾಡಿಕೊಡುತ್ತದೆ. ಬೆರಳುಗಳೂ ಮೊದಲಿಗಿಂತ ಸರಿಯಾಗಿ ಬರುತ್ತವೆ, ಕೈಯನ್ನು ಕಿಸೆಯಲ್ಲಿ ಬಚ್ಚಿಡಬೇಕಾದ ಕಷ್ಟವಿಲ್ಲ. ಅಂದಕ್ಕೆ ಕೊರತೆಯೇನಿಲ್ಲ. ಆದರೆ ಅರ್ಧ ಬಿಚ್ಚಿದ ಆ ಬ್ಯಾಂಡೇಜಿನ ಸಂಗತಿಯನ್ನು ಯಂತ್ರಕ್ಕೆ ಯಾರಾದರೂ ಕೂತು ಬರೆದು ಹೇಳಬೇಕು. ಅಷ್ಟು ಬರೆಯುವ ತಾಳ್ಮೆ ಇದ್ದವನು ಪೆನ್ನಿನಲ್ಲೇ ಬಿಡಿಸಬಲ್ಲ.

ಆಟದ ಬಗ್ಗೆ ಮನೆಯವರ ಸಿಟ್ಟು ಸುಳ್ಳಲ್ಲ. ರಾತ್ರಿಯ ನಿದ್ದೆ, ಪರೀಕ್ಷೆಯ ಅಂಕ, ಕಾಣದೆ ಕಳೆದುಹೋದ ದುಡ್ಡು, ಎಲ್ಲ ಲೆಕ್ಕದಲ್ಲೂ ಆಟ ಸಾಲಗಾರನೇ. ಚಿತ್ರವನ್ನು ಮಾತ್ರ ಆ ಲೆಕ್ಕಕ್ಕೆ ಸೇರಿಸುವುದು ನ್ಯಾಯವಲ್ಲ. ಫೋನು ಕೆಳಗಿಟ್ಟು, ತಲೆ ಬಗ್ಗಿಸಿ, ಇನ್ನೊಬ್ಬನಿಗಾಗಿ ಎರಡು ತಾಸು ಗೆರೆ ಎಳೆದ ಕೆಲಸ ಅದು.

ಬಿಡಿಸುವ ಹುಡುಗ ಹುಡುಗಿಯರೇ, ಮೂಲೆಯಲ್ಲಿ ಹೆಸರು ಹಾಕಿ, ತಾರೀಖೂ ಹಾಕಿ. ಮುಂದೆ ಕಳಿಸುವವರು ಆ ಮೂಲೆಯನ್ನು ಕತ್ತರಿಸಬೇಡಿ. ಮನೆಯ ಹಿರಿಯರಲ್ಲೂ ಒಂದು ವಿನಂತಿ: ಪರೀಕ್ಷೆ ಮುಗಿದ ಮೇಲೆ ನೋಟ್‌ಬುಕ್ಕುಗಳನ್ನು ಕಟ್ಟಿ ರದ್ದಿಗೆ ಹಾಕುವ ಮೊದಲು ಹಿಂದಿನ ಪುಟಗಳನ್ನೊಮ್ಮೆ ತಿರುವಿ ನೋಡಿ, ಚಿತ್ರವಿದ್ದ ಹಾಳೆಯನ್ನು ಬಿಡಿಸಿಟ್ಟುಕೊಂಡು ಉಳಿದದ್ದನ್ನು ಕೊಡಿ.