ಜೇವರ್ಗಿಯ ಬಯಲಿನಲ್ಲಿ

ಆಳಂದದ ತೊಗರಿಯ ಹೊಲಗಳನ್ನೂ ಅಫಜಲಪುರವನ್ನೂ ಹಿಂದಿಕ್ಕಿ, ಭೀಮೆಯನ್ನು ದಾಟಿ ನಾವು ಜೇವರ್ಗಿಯನ್ನು ಸೇರಿದೆವು. ಊರನ್ನು ಕಂಡೊಡನೆ ನೆನಪಾದುದು 2023ನೆಯ ಮಾರ್ಚ್ 6ರ ಪ್ರಸಂಗ. ಅಂದು ಮಾಜಿ ಮುಖ್ಯಮಂತ್ರಿ ಶ್ರೀ ಬಿ. ಎಸ್. ಯಡಿಯೂರಪ್ಪನವರಿದ್ದ ಹೆಲಿಕಾಪ್ಟರು ಇಲ್ಲಿ ಇಳಿಯುತ್ತಿದ್ದಿತು. ನೆಲವು ಸಮೀಪಿಸಿದಂತೆ, ಕಣದಲ್ಲಿ ತೂರಿದ ಹೊಟ್ಟಿನ ಹಾಗೆ, ಬಯಲಿನ ಪ್ಲಾಸ್ಟಿಕ್ ಹಾಳೆಗಳೂ ಕಸವೂ ರೆಕ್ಕೆಗಳ ಗಾಳಿಗೆ ಮೇಲೆದ್ದುವು.

ಇಂಥ ಯಂತ್ರದಲ್ಲಿ ಚಾಲಕರ ಎದುರಿಗೆ ಎಚ್ಚರಿಕೆಯ ದೀಪಗಳ ಸಾಲೇ ಇರುವುದು. ಹಳದಿಯದು ಜಾಗರೂಕತೆಗೆ, ಕೆಂಪಿನದು ತತ್‌ಕ್ಷಣದ ಕ್ರಮಕ್ಕೆ. ತೈಲದಲ್ಲಿ ಲೋಹದ ಚೂರು ಸೇರಿದರೂ ಒಂದು ದೀಪ ಉರಿಯುವುದು. ಎಂಜಿನ್ನೇ ನಿಂತರೂ, ಸಾಕಷ್ಟು ಎತ್ತರವಿದ್ದು, ಚಾಲಕರು ಒಡನೆಯೇ ರೆಕ್ಕೆಗಳ ಓರೆಯನ್ನು ತಗ್ಗಿಸಿದರೆ, ಕೆಳಗಿನಿಂದೇರುವ ಗಾಳಿಯೇ ಅವನ್ನು ತಿರುಗಿಸುತ್ತ ಯಂತ್ರವನ್ನು ಇಳಿಸುವುದು. ವಿದ್ಯೆಯೆಂದರೆ ಇದು!

ಆದರೆ ಆ ದೀಪಗಳು ಅರಿಯುವುದು ಯಂತ್ರದೊಳಗಿನ ವ್ಯಾಧಿಯನ್ನು ಮಾತ್ರ. ಹಾರುವ ಹಾಳೆಯೊಂದು ರೆಕ್ಕೆಗೆ ಸುತ್ತಿಕೊಂಡೀತೆಂದು ಹೇಳುವ ದೀಪವಿಲ್ಲ. ಅದನ್ನು ಕಣ್ಣೇ ಕಾಣಬೇಕು. ಅಂದಿನ ಚಾಲಕರು ಕಂಡರು. ಇಳಿಯುವುದನ್ನು ಬಿಟ್ಟು ಯಂತ್ರವನ್ನು ಮೇಲಕ್ಕೆತ್ತಿದರು. ಒಳಗಿದ್ದವರಿಗೆ ಆ ಹೊತ್ತು ಎಷ್ಟು ದೀರ್ಘವಾಯಿತೋ! ಕೆಳಗಿದ್ದವರು ಬಯಲನ್ನು ಚೊಕ್ಕಟಮಾಡಿದ ಮೇಲೆ ಹೆಲಿಕಾಪ್ಟರು ಕ್ಷೇಮವಾಗಿ ನೆಲ ಮುಟ್ಟಿತು.